ಪರಿಹಾರ: ದಾನವೇ, ಋಣವೇ?

ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಸಂಪೂರ್ಣವಾಗಿ ತ್ಯಜಿಸಬೇಕೆಂದೂ ಉಳಿದ ಮೂರರಲ್ಲಿ ಯತ್ನಾಚಾರದಿಂದ ನಡೆದುಕೊಳ್ಳಬೇಕೆಂದೂ ಹೇಳುವ ಕ್ರಮವು ಜೈನ ಕುಟುಂಬಗಳಲ್ಲಿ ಮಕ್ಕಳಿಗೂ ಪರಿಚಿತವಾದದ್ದು. ಗೃಹಸ್ಥನು ವ್ಯಾಪಾರ, ಕೃಷಿ, ಕೈಗಾರಿಕೆಗಳನ್ನು ಮಾಡಿಕೊಂಡೇ ಅಣುವ್ರತಗಳನ್ನು ಪಾಲಿಸಲು ಈ ವಿಂಗಡಣೆಯಿಂದ ದಾರಿ ದೊರೆತಿದೆ. ಆದರೆ ಉದ್ಯೋಗೀ ಹಿಂಸೆ ಎಂದೊಡನೆ ಮನಸ್ಸಿಗೆ ಬರುವುದು ಧಾನ್ಯದ ಹುಳು, ನೇಗಿಲ ಬಾಯಿಗೆ ಸಿಕ್ಕ ಜೀವ, ದೀಪಕ್ಕೆ ಬಿದ್ದ ಪತಂಗ ಇವೇ. ಪ್ರವಚನಗಳಲ್ಲಿಯೂ ಉದಾಹರಣೆಗಳು ಬಹುಮಟ್ಟಿಗೆ ಏಕೇಂದ್ರಿಯದಿಂದ ಚತುರಿಂದ್ರಿಯದವರೆಗೆ ಸಾಗಿ ಅಲ್ಲಿಗೆ ನಿಲ್ಲುತ್ತವೆ. ಅದೇ ಉದ್ಯೋಗದಲ್ಲಿ, ಅದೇ ಸೂರಿನ ಕೆಳಗೆ, ಮನಸ್ಸುಳ್ಳ ಪಂಚೇಂದ್ರಿಯ ಜೀವವಾದ ಮನುಷ್ಯನೂ ಅಂಗಚ್ಛೇದಕ್ಕೆ ಒಳಗಾಗುತ್ತಾನೆ ಎಂಬ ಸಂಗತಿ ಧರ್ಮಚರ್ಚೆಯ ಒಳಗೆ ಬರುವುದೇ ಅಪರೂಪ. ಅದು ಲೇಬರ್ ಇಲಾಖೆಯ ವಿಷಯ, ವಕೀಲರ ವಿಷಯ ಎಂದು ಹೊರಗಿಡಲಾಗುತ್ತದೆ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದ ಆಚಾರ್ಯರು ಹಾಗೆ ಹೊರಗಿಟ್ಟವರಲ್ಲ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಹಿಡಿಯುವುದು ಎಂಬ ಈ ಐದೂ ತನ್ನ ಅಧೀನದಲ್ಲಿ ದುಡಿಯುವ ಜೀವದ ಬಗ್ಗೆ ಹೇಳಿದ ಮಾತುಗಳು. ಎತ್ತಿನ ಮೇಲೆ ಹೆಚ್ಚು ಮೂಟೆ ಹೇರಬಾರದೆಂದು ತಿಳಿದ ಮನೆತನಗಳು, ಹನ್ನೆರಡು ಗಂಟೆ ಯಂತ್ರದ ಮುಂದೆ ನಿಂತು ಕಣ್ಣು ಮಂಕಾದವನ ಕೈಯನ್ನು ಕುರಿತು ಏನು ಹೇಳುತ್ತವೆ ಎಂಬುದೇ ಇಲ್ಲಿನ ಪ್ರಶ್ನೆ.

ಪ್ರಶ್ನೆಯನ್ನು ಒಂದು ಕಲ್ಪಿತ ಪ್ರಸಂಗದ ಮೂಲಕ ನೋಡಬಹುದು. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಹಂಪಿನಗರವೆಂದೂ ಕರೆಯಲ್ಪಡುವ ಆರ್‌ಪಿಸಿ ಲೇಔಟ್ ವಾಸದ ಬಡಾವಣೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಮಾಗಡಿ ರಸ್ತೆ, ಅದರಾಚೆ ಸಣ್ಣ ಕೈಗಾರಿಕೆಗಳ ಕಾಮಾಕ್ಷಿಪಾಳ್ಯ. ಮನೆ ಒಂದು ಕಡೆ, ಶೆಡ್ಡು ಇನ್ನೊಂದು ಕಡೆ ಇರುವ ಗೃಹಸ್ಥರು ಈ ಭಾಗದಲ್ಲಿ ಅನೇಕರು. ಅಂತಹ ಒಬ್ಬ ಶ್ರಾವಕನು ತಗಡಿನ ಬಿಡಿಭಾಗಗಳನ್ನು ಮಾಡುವ ಶೆಡ್ಡಿನಲ್ಲಿ ಆರು ಜನರನ್ನು ಇಟ್ಟುಕೊಂಡಿದ್ದಾನೆ ಎಂದು ಭಾವಿಸಬಹುದು. ಪವರ್ ಪ್ರೆಸ್ಸಿನ ಗಾರ್ಡ್ ಕೆಲಸವನ್ನು ನಿಧಾನ ಮಾಡುತ್ತದೆಂದು ಯಾರೋ ಬಿಚ್ಚಿಟ್ಟಿದ್ದಾರೆ. ಯಾರು ಬಿಚ್ಚಿದರೆಂದು ಯಾರೂ ಕೇಳಿಲ್ಲ, ಏಕೆಂದರೆ ಆರ್ಡರ್ ಹೊತ್ತಿಗೆ ಸರಿಯಾಗಿ ಹೋಗುತ್ತಿದೆ. ಒಂದು ಸಂಜೆ ಮೂವತ್ತು ವರ್ಷದ ಕೆಲಸಗಾರನ ಬಲಗೈಯ ನಾಲ್ಕು ಬೆರಳುಗಳು ಅಚ್ಚಿನ ಅಡಿಯಲ್ಲಿ ಹೋಗುತ್ತವೆ.

ಮುಂದೆ ನಡೆಯುವುದು ಎಲ್ಲರಿಗೂ ತಿಳಿದದ್ದೇ. ಶ್ರಾವಕನು ಕ್ರೂರಿಯಲ್ಲ. ತನ್ನ ವಾಹನದಲ್ಲಿಯೇ ಆಸ್ಪತ್ರೆಗೆ ಒಯ್ಯುತ್ತಾನೆ, ಬಿಲ್ಲು ಕಟ್ಟುತ್ತಾನೆ, ಅವನ ಹೆಂಡತಿಗೆ ಐವತ್ತು ಸಾವಿರ ರೂಪಾಯಿ ಕೊಡುತ್ತಾನೆ, ಗಾಯ ಮಾಗಿದ ಮೇಲೆ ವಾಚ್‌ಮನ್ ಕೆಲಸ ಕೊಡುವುದಾಗಿ ಹೇಳುತ್ತಾನೆ. ನಡುವೆ ಲೆಕ್ಕಿಗನೊಬ್ಬ ಬಂದು, ಮುಂದೆ ಯಾವ ಹಕ್ಕುಬಾಧ್ಯತೆಯೂ ಇಲ್ಲವೆಂದು ಬರೆದ ಕಾಗದಕ್ಕೆ ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ನೆರೆಹೊರೆಯವರು ಇಂತಹ ಯಜಮಾನ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಾರೆ. ಶ್ರಾವಕನೂ ಆ ಐವತ್ತು ಸಾವಿರವನ್ನು ತನ್ನ ಮನಸ್ಸಿನಲ್ಲಿ ಕರುಣಾದಾನದ ಬಾಬಿಗೆ ಬರೆದುಕೊಳ್ಳುತ್ತಾನೆ.

ಈ ಬಾಬು ಸರಿಯೇ ಎಂಬುದನ್ನು ಶಾಸ್ತ್ರದಿಂದಲೇ ಪರಿಶೀಲಿಸಬೇಕು. ತತ್ತ್ವಾರ್ಥಸೂತ್ರವು ದಾನವನ್ನು ಲಕ್ಷಿಸುವಾಗ ಅನುಗ್ರಹದ ಉದ್ದೇಶವನ್ನು ಹೇಳುವುದರ ಜೊತೆಗೆ, ಕೊಡುವ ವಸ್ತು ಕೊಡುವವನದೇ ಆಗಿರಬೇಕೆಂಬುದನ್ನೂ ಹೇಳುತ್ತದೆ. ತನ್ನದನ್ನು ಬಿಟ್ಟುಕೊಡುವುದು ದಾನ. ಪರರದನ್ನು ಪರರಿಗೆ ಮುಟ್ಟಿಸುವುದು ದಾನವಲ್ಲ, ಅದು ಲೇವಾದೇವಿ. ಆದುದರಿಂದ ಗಾಯಗೊಂಡವನಿಗೆ ಕೊಟ್ಟ ಹಣ ದಾನವೋ ಅಲ್ಲವೋ ಎಂದು ನಿರ್ಣಯಿಸುವ ಮೊದಲು, ಆ ಹಣ ಕೊಡುವ ಕ್ಷಣದಲ್ಲಿ ಯಾರದಾಗಿತ್ತು ಎಂಬುದು ಇತ್ಯರ್ಥವಾಗಬೇಕು.

ಈ ನೆಲದ ಕಾನೂನು ಇದಕ್ಕೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯು 1924ರ ಜುಲೈ 1ರಿಂದ ಜಾರಿಗೆ ಬಂದು, 2009ರ ತಿದ್ದುಪಡಿಯ ಮೂಲಕ ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಪಡೆಯಿತು. 2025ರ ನವೆಂಬರ್ 21ರಂದು ಜಾರಿಗೊಳಿಸಲಾದ ಸಾಮಾಜಿಕ ಭದ್ರತಾ ಸಂಹಿತೆ, 2020, ಅದರ ಸ್ಥಾನಕ್ಕೆ ಬಂದಿದೆ. ಹೆಸರುಗಳು ಬದಲಾದರೂ ಲೆಕ್ಕದ ಕ್ರಮ ಬದಲಾಗಿಲ್ಲ. ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ತಿಂಗಳ ವೇತನದ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಬೇಕು, ಮರಣವಾದರೆ ಶೇ. 50ನ್ನು. ಮೂವತ್ತರ ವಯಸ್ಸಿಗೆ ಆ ಗುಣಾಂಕ 207.98, ಐವತ್ತಕ್ಕೆ 153.09, ಅರವತ್ತೈದು ದಾಟಿದರೆ 99.37. ಲೆಕ್ಕಕ್ಕೆ ಹಿಡಿಯಬಹುದಾದ ವೇತನದ ಗರಿಷ್ಠ ಮಿತಿಯನ್ನು 2020ರ ಜನವರಿಯಲ್ಲಿ 8,000 ರೂಪಾಯಿಯಿಂದ 15,000ಕ್ಕೆ ಏರಿಸಲಾಯಿತು. ಒಂದು ಕೈಯ ನಾಲ್ಕು ಬೆರಳುಗಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 50ರಷ್ಟು ನಷ್ಟವೆಂದು ಅನುಸೂಚಿ ಹೇಳುತ್ತದೆ.

ಮೇಲಿನ ಪ್ರಸಂಗದ ಕೆಲಸಗಾರನ ಸಂಬಳ 15,000 ಎಂದು ಹಿಡಿದರೆ, ಅದರ ಶೇ. 60 ಎಂದರೆ 9,000. ಅದನ್ನು 207.98ರಿಂದ ಗುಣಿಸಿದರೆ 18,71,820. ಅದರ ಅರ್ಧ 9,35,910 ರೂಪಾಯಿ. ಶ್ರಾವಕನು ಕೊಟ್ಟದ್ದು ಐವತ್ತು ಸಾವಿರ. ಉಳಿದ 8,85,910 ರೂಪಾಯಿ ಅವನ ತಿಜೋರಿಯಲ್ಲಿಯೇ ಇದೆ. ಅದರ ಒಂದು ಪಾಲು ಮುಂದಿನ ಪಂಚಕಲ್ಯಾಣದಲ್ಲಿ ಬೋಲಿಯಾಗಿ ಹೋಗಬಹುದು, ಆಗ ಸಭೆ ಜಯಕಾರ ಮಾಡುತ್ತದೆ.

ಕೆಲಸಗಾರನು ಅಷ್ಟನ್ನು ಕೇಳಲಿಲ್ಲ, ಐವತ್ತು ಸಾವಿರಕ್ಕೇ ಕೈಮುಗಿದನು, ಹೀಗಿರುವಾಗ ತಪ್ಪೇನು ಎಂಬ ವಾದ ಬರುತ್ತದೆ. ವ್ಯಾಪಾರಿಯ ಕಿವಿಗೆ ಇದು ನ್ಯಾಯದಂತೆಯೇ ಕೇಳುತ್ತದೆ. ಆದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರ ಎಂಬುದೊಂದಿದೆ. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಅದರ ವಿವರಣೆ ಹೀಗಿದೆ: ಹಣವನ್ನು ಇಡುಗಂಟಾಗಿ ಇಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಮೊತ್ತವನ್ನು ಕೇಳಿದಾಗ, ಇಟ್ಟುಕೊಂಡವನು ಹೌದು ಎಂದು ಒಪ್ಪಿ ಅಷ್ಟನ್ನೇ ಕೊಡುವುದು. ಇಲ್ಲಿ ಯಾರೂ ಕದಿಯಲಿಲ್ಲ, ಯಾರೂ ಬೆದರಿಸಲಿಲ್ಲ. ಕೇಳಿದ್ದನ್ನು ಕೇಳಿದಷ್ಟೂ ಕೊಟ್ಟಾಗಿದೆ. ಆದರೂ ವ್ರತ ಮಲಿನವಾಯಿತು, ಏಕೆಂದರೆ ಒಬ್ಬನ ಅಜ್ಞಾನವನ್ನು ಇನ್ನೊಬ್ಬನು ಲಾಭ ಮಾಡಿಕೊಂಡನು. ತನಗೆ ಸಲ್ಲಬೇಕಾದದ್ದೆಷ್ಟೆಂದು ತಿಳಿಯದ ಕೆಲಸಗಾರನೂ, ತನ್ನ ಇಡುಗಂಟಿನ ಮೊತ್ತ ಮರೆತ ಆ ಮನುಷ್ಯನೂ ಒಂದೇ ಸ್ಥಿತಿಯಲ್ಲಿದ್ದಾರೆ. ಹೆಬ್ಬೆಟ್ಟಿನ ಕಾಗದದ ಮಾತು ಹೇಳುವುದೇ ಬೇಡ. ಕೂಟಲೇಖಕ್ರಿಯೆ ಅದೇ ಪಟ್ಟಿಯಲ್ಲಿದೆ. ಹಕ್ಕು ಬಿಟ್ಟುಕೊಟ್ಟ ಕರಾರು ಕಾನೂನಿನ ಮುಂದೆಯೂ ಶೂನ್ಯ. ಕೆಲಸಗಾರ ಮೃತನಾದರಂತೂ ಮಾಲೀಕನು ಪರಿಹಾರವನ್ನು ಸಂಸಾರದ ಕೈಗೆ ನೇರವಾಗಿ ಕೊಟ್ಟರೆ ಅದು ಪರಿಹಾರವೆಂದು ಎಣಿಕೆಗೆ ಬರುವುದಿಲ್ಲ. ಪ್ರಾಧಿಕಾರದಲ್ಲಿಯೇ ಠೇವಣಿ ಇಡಬೇಕು. ದುಃಖದಲ್ಲಿರುವವರ ಕೈಗೆ ಲಕೋಟೆ ಕೊಟ್ಟು ಸಹಿ ಪಡೆಯುವ ಜಾಣತನವನ್ನು ಶಾಸನ ರಚಿಸಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಇದು ಋಣವೆಂದ ಮೇಲೆ ಅದು ಎಂದು ಹುಟ್ಟಿತು ಎಂಬುದೂ ಮುಖ್ಯ. 1968ರಲ್ಲಿ ಒರಿಸ್ಸಾದ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದ ಬಡಗಿಯೊಬ್ಬನು ಬಿದ್ದು ಎಡತೋಳನ್ನು ಕಳೆದುಕೊಂಡನು. ಪರಿಹಾರದ ಹೊಣೆ ಆಯುಕ್ತರ ಆದೇಶದ ದಿನದಿಂದ ಆರಂಭವಾಗುತ್ತದೆಂದು ಮಾಲೀಕನು ವಾದಿಸಿದನು. ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ವರದಿಯಾದ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿ, ಗಾಯವಾದ ಕ್ಷಣದಲ್ಲಿಯೇ ಹೊಣೆ ಹುಟ್ಟುತ್ತದೆ ಎಂದು ಹೇಳಿತು. ಒಂದು ಕೈಯ ಬಡಗಿ ಬಡಗಿಯೇ ಅಲ್ಲವಾದುದರಿಂದ ಅವನ ನಷ್ಟ ಪೂರ್ಣ ನಷ್ಟವೆಂಬ ಆಯುಕ್ತರ ಮಾತನ್ನೂ ಎತ್ತಿಹಿಡಿಯಿತು. ಒಂದು ತಿಂಗಳು ಮೀರಿದರೆ ಶೇ. 12ರ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದರೆ ಅದರ ಮೇಲೆ ಶೇ. 50ರವರೆಗೆ ದಂಡ. ಕರ್ನಾಟಕದ ಒಬ್ಬ ಟ್ಯಾಂಕರ್ ಚಾಲಕನ ಪ್ರಕರಣವೂ ಇಂಥದ್ದೇ. ಅವನು ಬಲಗಾಲನ್ನು ಕಳೆದುಕೊಂಡಿದ್ದನು. ಆಯುಕ್ತರು ದುಡಿಮೆಯ ನಷ್ಟ ಶೇ. 100 ಎಂದರು, ಉಚ್ಚ ನ್ಯಾಯಾಲಯ ಶೇ. 65ಕ್ಕೆ ಇಳಿಸಿತು, 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಶೇ. 100ಕ್ಕೆ ಏರಿಸಿತು. ಬಲಗಾಲಿಲ್ಲದವನು ಟ್ಯಾಂಕರ್ ಓಡಿಸಲಾರನೆಂಬುದಕ್ಕೆ ದೆಹಲಿಯವರೆಗೆ ಹೋಗಬೇಕಾಯಿತು. ಹೋಗಲಾರದವರು ಎಷ್ಟು ಜನರೋ!

ಈಗ ಧರ್ಮಸಭೆಗಳಲ್ಲಿ ಕೇಳಿಬರುವ ಗಂಭೀರವಾದ ಆಕ್ಷೇಪವನ್ನು ನೋಡಬೇಕು. ಅಸಾತಾವೇದನೀಯ ಕರ್ಮದ ಉದಯವಿಲ್ಲದೆ ಯಾವ ಜೀವಕ್ಕೂ ದುಃಖ ಬರಲಾರದು. ಕೆಲಸಗಾರನ ಬೆರಳು ಹೋದದ್ದು ಅವನದೇ ಪೂರ್ವಕರ್ಮದಿಂದ. ಮಾಲೀಕನು ಕೇವಲ ನಿಮಿತ್ತ. ಆದುದರಿಂದ ಅವನ ಮೇಲೆ ಹೊಣೆ ಹೊರಿಸುವುದು ಸಿದ್ಧಾಂತಕ್ಕೆ ವಿರುದ್ಧ ಎಂಬುದು ಆ ಆಕ್ಷೇಪ. ಇದರ ಮೊದಲರ್ಧ ಸಿದ್ಧಾಂತವೇ ಸರಿ. ಉತ್ತರಾರ್ಧ ಅದರಿಂದ ಹುಟ್ಟುವುದಿಲ್ಲ. ಕಟುಕನ ಕೈಯಲ್ಲಿ ಸಾಯುವ ಕುರಿಗೂ ಅದರದೇ ಕರ್ಮೋದಯವಿದೆ. ಅದರಿಂದ ಕಟುಕನು ನಿರ್ದೋಷಿ ಎಂದು ಯಾವ ಆಚಾರ್ಯರೂ ಹೇಳಿಲ್ಲ. ಪರರಿಗೆ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದೇ ಉಂಟುಮಾಡಿದವನಿಗೆ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುತ್ತದೆ. ಒಬ್ಬನ ಕರ್ಮದ ಉದಯ, ಇನ್ನೊಬ್ಬನ ಕರ್ಮದ ಬಂಧ, ಎರಡೂ ಒಂದೇ ಕ್ಷಣದಲ್ಲಿ ಎರಡು ಖಾತೆಗಳಲ್ಲಿ ನಡೆಯುವ ನಮೂದುಗಳು. ಕಿರ್ದಿಯ ಒಂದು ಬದಿಯನ್ನು ಮಾತ್ರ ಓದಿ ಲೆಕ್ಕ ಮುಗಿಯಿತೆನ್ನುವುದು ವ್ಯಾಪಾರಿಗೆ ಒಪ್ಪುವ ಮಾತಲ್ಲ. ಅಲ್ಲದೆ ಇದೇ ಶ್ರಾವಕನು ತನ್ನ ಅಂಗಡಿಗೆ ಬೆಂಕಿ ಬಿದ್ದಾಗ ತನ್ನ ಅಂತರಾಯ ಕರ್ಮವೆಂದು ಸುಮ್ಮನಿರದೆ ವಿಮಾ ಕಂಪನಿಗೆ ಕ್ಲೇಮು ಸಲ್ಲಿಸುತ್ತಾನೆ. ಅದು ತಪ್ಪೆಂದು ಯಾರೂ ಹೇಳುವುದಿಲ್ಲ. ಕರ್ಮಸಿದ್ಧಾಂತ ತನಗೆ ಸಮಾಧಾನಕ್ಕಾಗಿ ಇರುವುದೇ ಹೊರತು ಪರರ ಬಾಕಿಯನ್ನು ಹೊಡೆದುಹಾಕಲು ಇರುವುದಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಮೇಲಿನ ಪ್ರಸಂಗದಲ್ಲಿ ಗಾರ್ಡ್ ಬಿಚ್ಚಿತ್ತು. ಅಲ್ಲಿ ಪ್ರಮಾದ ಸ್ಪಷ್ಟ, ಪ್ರಮಾದವಿದ್ದಲ್ಲಿ ಹಿಂಸೆ. ಆದರೆ ಗಾರ್ಡ್ ಇದ್ದು, ತರಬೇತಿ ಕೊಟ್ಟು, ದಿನಕ್ಕೆ ಎಂಟೇ ಗಂಟೆ ದುಡಿಸಿ, ಆದರೂ ಅಪಘಾತವಾದರೆ? ಯತ್ನಾಚಾರಿಯಾದವನಿಂದ ಪ್ರಾಣಹಾನಿಯಾದರೂ ಅವನಿಗೆ ಹಿಂಸೆಯ ದೋಷವಿಲ್ಲವೆಂದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸ್ಪಷ್ಟವಾಗಿದೆ. ಕಾನೂನಾದರೋ ಮಾಲೀಕನ ತಪ್ಪಿದೆಯೇ ಇಲ್ಲವೇ ಎಂದು ಕೇಳುವುದೇ ಇಲ್ಲ. ಅಪಘಾತ ಕೆಲಸದಿಂದ ಮತ್ತು ಕೆಲಸದ ಅವಧಿಯಲ್ಲಿ ಆಯಿತೇ ಎಂದಷ್ಟೇ ಕೇಳುತ್ತದೆ. ಮದ್ಯದ ಅಮಲು, ಬೇಕೆಂದೇ ಆಜ್ಞೆ ಮೀರಿದ್ದು ಮುಂತಾದ ಕೆಲವು ವಿನಾಯಿತಿಗಳಿದ್ದರೂ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಅವೂ ಮಾಲೀಕನ ನೆರವಿಗೆ ಬರುವುದಿಲ್ಲ. ದೋಷವಿಲ್ಲದವನ ಮೇಲೆ ಹೊಣೆ ಹೊರಿಸುವ ಕಾನೂನು ಧರ್ಮಕ್ಕೆ ಸಮ್ಮತವೇ?

ಈ ಪ್ರಶ್ನೆಯನ್ನು ಜಗತ್ತು ಒಂದು ಶತಮಾನ ಹೆಣಗಿ ಬಿಡಿಸಿಕೊಂಡಿತು. 1837ರಲ್ಲಿ ಇಂಗ್ಲೆಂಡಿನಲ್ಲಿ ಮಾಂಸದ ವ್ಯಾಪಾರಿಯೊಬ್ಬನ ಆಳು, ಅತಿಯಾಗಿ ಹೊರೆ ಹೇರಿದ ಗಾಡಿ ಮುರಿದುಬಿದ್ದು ಗಾಯಗೊಂಡನು. ಅತಿಭಾರಾರೋಪಣವೆಂಬ ಅತಿಚಾರಕ್ಕೆ ಇದಕ್ಕಿಂತ ನೇರವಾದ ದೃಷ್ಟಾಂತ ಸಿಗುವುದು ಕಷ್ಟ. ಅಲ್ಲಿನ ನ್ಯಾಯಾಲಯ ಆಳಿನ ಕಡೆಗೆ ತೀರ್ಪು ಕೊಡಲಿಲ್ಲ. ಅಪಾಯವೆಂದು ತಿಳಿದಿದ್ದರೆ ಅವನು ಗಾಡಿ ಹತ್ತದೆ ಇರಬಹುದಿತ್ತು ಎಂಬ ಧಾಟಿಯ ತರ್ಕ ಅಲ್ಲಿಂದ ಬೆಳೆಯಿತು. ಜರ್ಮನಿಯಲ್ಲಿ 1884ರಲ್ಲಿ ಅಪಘಾತ ವಿಮೆಯ ಕಾನೂನು, ಬ್ರಿಟನ್ನಿನಲ್ಲಿ 1897ರಲ್ಲಿ ಪರಿಹಾರ ಕಾನೂನು ಬಂದ ಮೇಲೆ ಆ ತರ್ಕ ಹಿಂದೆ ಸರಿಯಿತು. ಯಾರ ತಪ್ಪು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಸರಕು ಮಾಡುವಾಗ ಆದ ನಷ್ಟ ಸರಕಿನ ಬೆಲೆಯಲ್ಲಿ ಸೇರಬೇಕು ಎಂಬ ವಿಚಾರ ಮುಂದೆ ಬಂದಿತು.

ವಾಣಿಜ್ಯ ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಪ್ರೆಸ್ ಯಂತ್ರ ವರ್ಷ ವರ್ಷವೂ ಸವೆಯುತ್ತದೆ. ಆ ಸವಕಳಿಯನ್ನು ಲೆಕ್ಕ ಹಾಕಿ, ಲಾಭದಿಂದ ಕಳೆದು, ಉಳಿದದ್ದೇ ನಿಜವಾದ ಲಾಭವೆಂದು ಲೆಕ್ಕಪರಿಶೋಧಕರು ಹೇಳುತ್ತಾರೆ. ಸವಕಳಿ ಕಳೆಯದೆ ಲಾಭ ಹಂಚಿಕೊಂಡವನನ್ನು ಮೂಲಧನ ತಿಂದವನೆನ್ನುತ್ತಾರೆ. ಯಂತ್ರ ಸವೆಯುವುದು ಯಾರ ತಪ್ಪಿನಿಂದಲೂ ಅಲ್ಲ, ದುಡಿಮೆಯಿಂದ. ಹಾಗೆಯೇ ನೂರಾರು ಶೆಡ್ಡುಗಳಲ್ಲಿ ಲಕ್ಷಾಂತರ ಸಲ ಅಚ್ಚು ಇಳಿದಾಗ ಎಷ್ಟೇ ಎಚ್ಚರವಿದ್ದರೂ ಎಲ್ಲೋ ಒಂದು ಕೈ ಹೋಗುತ್ತದೆ. ಆ ಕೈಯ ಸವಕಳಿಯನ್ನು ಕಳೆಯದೆ ತೆಗೆದ ಲಾಭದಲ್ಲಿ ಯಂತ್ರದ ಪಾಲಿದೆ, ಬಂಡವಾಳದ ಪಾಲಿದೆ, ಕೊಡದೆ ಉಳಿಸಿಕೊಂಡ ಕೈಯ ಪಾಲೂ ಇದೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದಕ್ಕೆ ಶಾಸ್ತ್ರದಲ್ಲಿ ಅದತ್ತಾದಾನ ಎಂಬ ಹೆಸರಿದೆ. ಆದುದರಿಂದ ಯತ್ನಾಚಾರಿಯಾದ ಮಾಲೀಕನು ಅಹಿಂಸಾವ್ರತದ ಪರೀಕ್ಷೆಯಲ್ಲಿ ನಿರ್ದೋಷಿಯಾಗಿ ಹೊರಬಂದರೂ ಅಚೌರ್ಯವ್ರತದ ಪರೀಕ್ಷೆ ಅವನಿಗಾಗಿ ಕಾದೇ ಇರುತ್ತದೆ. ಪರಿಹಾರವು ದಂಡವೆಂದು ತಿಳಿದವರಿಗೆ ದೋಷವಿಲ್ಲದವನಿಗೇಕೆ ದಂಡ ಎಂಬ ಸಂಶಯ ಬರುತ್ತದೆ. ಸಾಲ ತೀರಿಸುವವನನ್ನು ಯಾವ ತಪ್ಪಿಗಾಗಿ ತೀರಿಸುತ್ತೀ ಎಂದು ಯಾರೂ ಕೇಳುವುದಿಲ್ಲ.

1974ರಲ್ಲಿ ಮಹಾವೀರ ಸ್ವಾಮಿಯ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ ಎಲ್ಲ ಸಂಪ್ರದಾಯಗಳೂ ಒಪ್ಪಿದ ಜೈನ ಲಾಂಛನದ ಅಡಿಯಲ್ಲಿ, ಜೀವಿಗಳ ಪರಸ್ಪರ ಉಪಕಾರವನ್ನು ಹೇಳುವ ಸೂತ್ರವನ್ನು ಬರೆಯಲಾಗಿದೆ. ಅದು ಈಗ ಲಗ್ನಪತ್ರಿಕೆಗಳ ಮೇಲೂ ಅಚ್ಚಾಗುತ್ತದೆ. ಆ ಸೂತ್ರಕ್ಕೆ ವ್ಯಾಖ್ಯಾನ ಬರೆಯುವಾಗ ಪೂಜ್ಯಪಾದರು ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು ಒಡೆಯ ಮತ್ತು ಭೃತ್ಯರದು: ಒಡೆಯನು ಧನ ಕೊಡುವ ಮೂಲಕ, ಭೃತ್ಯನು ಹಿತವನ್ನು ಸಾಧಿಸಿ ಅಹಿತವನ್ನು ತಡೆಯುವ ಮೂಲಕ ಪರಸ್ಪರ ಉಪಕಾರಿಗಳಾಗುತ್ತಾರೆ. ಲಾಂಛನ ಬಲ್ಲವರೆಲ್ಲರೂ ಈ ಉದಾಹರಣೆಯನ್ನು ಬಲ್ಲರೆಂದು ಹೇಳಲಾಗದು.

ಅಷ್ಟು ದೊಡ್ಡ ಮೊತ್ತವನ್ನು ಆರು ಜನರ ಶೆಡ್ಡಿನವನು ಎಲ್ಲಿಂದ ತರಬೇಕು, ಒಂದು ಅಪಘಾತಕ್ಕೆ ಮನೆಯೇ ಮಾರಬೇಕೇ ಎಂಬುದು ನ್ಯಾಯವಾದ ಚಿಂತೆ. ಅದಕ್ಕೆಂದೇ ವಿಮೆ ಇದೆ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಇ.ಎಸ್.ಐ. ಇದೆ. 1948ರ ಕಾಯ್ದೆಯ ಆ ಯೋಜನೆಯನ್ನು 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭಿಸಲಾಯಿತು. ಬೆಂಗಳೂರಿಗೆ ಅದು ಬಂದದ್ದು 1958ರಲ್ಲಿ. ಆರ್‌ಪಿಸಿ ಲೇಔಟ್, ವಿಜಯನಗರಗಳವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ದೂರವಲ್ಲ, ನಿಗಮದ ಕಚೇರಿ ಬಿನ್ನಿಪೇಟೆಯಲ್ಲಿದೆ. 2017ರ ಜನವರಿಯಲ್ಲಿ ವೇತನ ಮಿತಿ 21,000 ರೂಪಾಯಿಗೆ ಏರಿತು. 2019ರ ಜುಲೈಯಿಂದ ವಂತಿಗೆಯನ್ನು ಶೇ. 6.5ರಿಂದ 4ಕ್ಕೆ ಇಳಿಸಲಾಯಿತು: ಮಾಲೀಕನದು 3.25, ನೌಕರನದು 0.75. ಎಂದರೆ 15,000 ಸಂಬಳದವನಿಗೆ ಮಾಲೀಕನು ತಿಂಗಳಿಗೆ ಕೊಡಬೇಕಾದದ್ದು 487 ರೂಪಾಯಿ 50 ಪೈಸೆ. ಇದಕ್ಕೆ ಪ್ರತಿಯಾಗಿ ಗಾಯಗೊಂಡವನಿಗೆ ಕೆಲಸಕ್ಕೆ ಬರಲಾಗದಷ್ಟು ಕಾಲ ವೇತನದ ಶೇ. 90, ಶಾಶ್ವತ ಊನಕ್ಕೆ ಜೀವನಪರ್ಯಂತ ಮಾಸಾಶನ, ಮೃತನಾದರೆ ಅವಲಂಬಿತರಿಗೆ ಮಾಸಾಶನ ದೊರೆಯುತ್ತವೆ. ಪರಿಹಾರದ ಭಾರ ಮಾಲೀಕನ ಹೆಗಲಿನಿಂದ ಇಳಿಯುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವವರಿಗೆ ಸಾಮಾನ್ಯ ವಿಮಾ ಕಂಪನಿಗಳ ನೌಕರರ ಪರಿಹಾರ ಪಾಲಿಸಿ ಸಿಗುತ್ತದೆ.

ಇ.ಎಸ್.ಐ. ಬಗ್ಗೆ ವ್ಯಾಪಾರಿಗಳ ದೂರುಗಳು ಎಲ್ಲವೂ ಸುಳ್ಳಲ್ಲ. ಸರತಿಯ ಉದ್ದ, ಕಾಗದಪತ್ರಗಳ ಕಾಟ, ಅಧಿಕಾರಿಗಳ ಧೋರಣೆ ಇವೆಲ್ಲ ಇರಬಹುದು. ಆದರೆ ಹದಿಮೂರು ಜನ ದುಡಿಯುವಲ್ಲಿ ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು ಮಾತ್ರ ಬರೆಯುವುದಕ್ಕೆ ಅದು ಉತ್ತರವಲ್ಲ. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಅಚೌರ್ಯದ ಅತಿಚಾರ. ಒಂದು ಸೇರಿಗೆ ಮುಕ್ಕಾಲು ಸೇರು ಅಳೆಯುವ ಅಂಗಡಿಯವನನ್ನು ಸಮಾಜ ಹೀನಾಯವಾಗಿ ನೋಡುತ್ತದೆ. ಮನುಷ್ಯರನ್ನೇ ಕಡಿಮೆ ಅಳೆಯುವವನಿಗೆ ಟ್ರಸ್ಟಿನ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಸಿಗುತ್ತದೆ.

ಟ್ರಸ್ಟುಗಳ ಮಾತು ಬಂದುದರಿಂದ, ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ಬಗೆಯ ಹಾನಿಯನ್ನು ಹೇಳಬೇಕು. ಬೆರಳು ಹೋದದ್ದು ಕಾಣುತ್ತದೆ, ಶ್ವಾಸಕೋಶ ಹೋದದ್ದು ಕಾಣುವುದಿಲ್ಲ. ಕರ್ಮ ಬಂಧವಾದ ಕೂಡಲೇ ಫಲ ಕೊಡದೆ ಆಬಾಧಾಕಾಲದಲ್ಲಿ ಸುಮ್ಮನಿರುತ್ತದೆ ಎಂದು ಓದಿದವರಿಗೆ ಸಿಲಿಕೋಸಿಸ್ ರೋಗದ ಗತಿ ಅರ್ಥವಾಗುವುದು ಕಷ್ಟವಲ್ಲ. ಕಲ್ಲಿನ ಸೂಕ್ಷ್ಮ ಧೂಳು ವರ್ಷಗಟ್ಟಲೆ ಎದೆಯಲ್ಲಿ ನೆಲೆಸಿ, ದುಡಿಮೆಯ ಸ್ಥಳ ಬಿಟ್ಟುಬಂದ ಎಷ್ಟೋ ಕಾಲದ ಮೇಲೆ ಉಸಿರನ್ನು ಹಿಡಿಯುತ್ತದೆ, ವಾಸಿಯಾಗುವ ರೋಗವಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂದಿತ್ತು. ಗಣಿಗಳು 2001ರಲ್ಲಿ ಮುಚ್ಚಿದವು. ಆ ಚಿನ್ನ ಇಂದೂ ಮನೆಮನೆಗಳಲ್ಲಿದೆ. ಸಿಲಿಕೋಸಿಸ್ಸನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗವೆಂದು ಕಾನೂನು ಪಟ್ಟಿಯಲ್ಲಿ ಸೇರಿಸಿದೆ. ಪಟ್ಟಿಯಲ್ಲಿರುವುದು ಒಂದು, ಯಾವ ಮಾಲೀಕನ ಧೂಳು ಎಂದು ಸಾಧಿಸುವುದು ಇನ್ನೊಂದು.

ರಾಜಸ್ಥಾನದ ಸಿರೋಹಿ ಜಿಲ್ಲೆಯ ಪಿಂಡವಾಡ ದೇಗುಲಗಳ ಕಲ್ಲು ಕೆತ್ತನೆಗೆ ಹೆಸರಾದ ಊರು. ಬೆಂಗಳೂರಿನ ಅನೇಕ ಜೈನ ಕುಟುಂಬಗಳ ಮೂಲ ಅದೇ ಸೀಮೆ. ಅಲ್ಲಿ ಮರಳುಗಲ್ಲನ್ನು ಯಂತ್ರದಿಂದ ಕೊರೆಯುವ ಕುಶಲಕರ್ಮಿಗಳಲ್ಲಿ ಸಿಲಿಕೋಸಿಸ್ ಹರಡಿರುವುದು ಬಹಿರಂಗ ಸಂಗತಿ. ರಾಜಸ್ಥಾನ ಸರ್ಕಾರವು 2019ರಲ್ಲಿ ಇಂತಹ ಧೂಳುರೋಗಗಳಿಗಾಗಿಯೇ ನೀತಿಯೊಂದನ್ನು ತಂದು, ರೋಗ ದೃಢಪಟ್ಟವನಿಗೆ ಮೂರು ಲಕ್ಷ, ಅವನ ಮರಣಾನಂತರ ಕುಟುಂಬಕ್ಕೆ ಎರಡು ಲಕ್ಷ ರೂಪಾಯಿ ನೆರವನ್ನು ಗೊತ್ತುಮಾಡಿತು. ಇದು ಸರ್ಕಾರದ ನೆರವು. ಕಂಬ, ತೋರಣ, ಶಿಖರಗಳನ್ನು ಮಾಡಿಸಿಕೊಂಡವರ ಪಾಲು ಇದರಲ್ಲಿ ಏನೂ ಇಲ್ಲ. ಮುಹಪತ್ತಿ ಕಟ್ಟಿಕೊಂಡು ವಾಯುಕಾಯದ ಜೀವಗಳನ್ನು ರಕ್ಷಿಸುವ ಸಾಧುಗಳ ದರ್ಶನ ಪಡೆದು ಬರುವ ಟ್ರಸ್ಟಿಗಳು, ಶಿಲ್ಪಿಯ ಮೂಗಿಗೆ ಒಳ್ಳೆಯ ಮಾಸ್ಕ್ ಇದೆಯೇ, ಕೊರೆಯುವಾಗ ಕಲ್ಲಿಗೆ ನೀರು ಹಾಯಿಸುತ್ತಾರೆಯೇ ಎಂದು ಒಮ್ಮೆಯೂ ಕೇಳದಿದ್ದರೆ ಆ ಎರಡು ವಿಷಯಗಳು ಅವರ ಮನಸ್ಸಿನಲ್ಲಿ ಬೇರೆ ಬೇರೆ ಕೋಣೆಗಳಲ್ಲಿವೆ ಎಂದೇ ತಿಳಿಯಬೇಕು.

ಕೆಲಸವನ್ನು ಗುತ್ತಿಗೆಗೆ ಕೊಟ್ಟಾಗಿದೆ, ಶಿಲ್ಪಿಗಳೂ ಸಾರುವೆ ಹತ್ತುವವರೂ ಗುತ್ತಿಗೆದಾರನ ಜನ, ಟ್ರಸ್ಟಿಗೇನು ಸಂಬಂಧ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ನ್ಯಾಯಾಲಯದಲ್ಲಿ ಇದಕ್ಕೆ ಸ್ವಲ್ಪ ಬಲವೂ ಇದ್ದೀತು. 1923ರ ಕಾಯ್ದೆಯಲ್ಲಿ ಮೂಲ ಮಾಲೀಕನ ಹೊಣೆ ಅವನ ವ್ಯಾಪಾರ ವ್ಯವಹಾರಕ್ಕೆ ಸೇರಿದ ಕೆಲಸದ ಮಟ್ಟಿಗೆ ಇತ್ತು, ಬಸದಿ ಕಟ್ಟಿಸುವುದು ವ್ಯಾಪಾರವಲ್ಲವೆಂದು ವಕೀಲರು ವಾದಿಸಬಹುದು. ಆದರೆ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂದು ಕೃತ, ಕಾರಿತ, ಅನುಮತಗಳನ್ನು ದಿನವೂ ಪ್ರತಿಕ್ರಮಣದಲ್ಲಿ ಎಣಿಸುವವರ ಬಾಯಲ್ಲಿ ಈ ಮಾತು ಸಲ್ಲುವುದಿಲ್ಲ. ಮಂದಿರ ಕಟ್ಟಿಸಿದ ಪುಣ್ಯ ಗುತ್ತಿಗೆದಾರನಿಗೆ ಹೋಗದೆ ಕಟ್ಟಿಸಿದವರಿಗೆ ಬರುವುದಾದರೆ ಅದು ಕಾರಿತದ ದಾರಿಯಿಂದಲೇ ಬರುತ್ತದೆ. ಸಾರುವೆಯಿಂದ ಬಿದ್ದವನ ವಿಷಯ ಬಂದಾಗ ಮಾತ್ರ ಆ ದಾರಿ ಮುಚ್ಚಿಕೊಳ್ಳುವುದು ಹೇಗೆ?

ವ್ಯವಹಾರದಲ್ಲಿ ಇದಕ್ಕೆ ಬೇಕಾದದ್ದು ಹೆಚ್ಚೇನೂ ಅಲ್ಲ. ಕರಾರು ಬರೆಯುವಾಗ, ಕೆಲಸಗಾರರ ಹೆಸರುಗಳ ಪಟ್ಟಿಯೊಂದಿಗೆ ವಿಮಾ ಪಾಲಿಸಿಯ ಪ್ರತಿಯನ್ನು ಕೊಟ್ಟ ಮೇಲೆಯೇ ಮುಂಗಡ ಹಣ ಎಂಬ ಒಂದು ಷರತ್ತನ್ನು ಸೇರಿಸಬಹುದು. ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿದ್ದಾರೆಯೇ ಎಂದು ವಿಚಾರಿಸಬಹುದು. ಭೋಜನಶಾಲೆಯಲ್ಲಿ ಕುದಿಯುವ ಎಣ್ಣೆಯ ಮುಂದೆ ನಿಲ್ಲುವ ಅಡುಗೆಯವರು, ಶಿಖರದ ಧ್ವಜ ಬದಲಿಸಲು ಹತ್ತುವ ಸೇವಕ, ಉತ್ಸವದ ದಿನ ವಿದ್ಯುದ್ದೀಪ ಕಟ್ಟುವ ಹುಡುಗ ಇವರನ್ನು ಯಾವ ಪಾಲಿಸಿ ಒಳಗೊಂಡಿದೆ ಎಂದು ಕಾರ್ಯದರ್ಶಿಗಳು ಕಡತ ತೆಗೆದು ನೋಡಬಹುದು. ಈ ಷರತ್ತಿನಿಂದ ಗುತ್ತಿಗೆದಾರನು ದರವನ್ನು ಸ್ವಲ್ಪ ಏರಿಸುತ್ತಾನೆ. ವಾರ್ಷಿಕ ಸಭೆಯಲ್ಲಿ ಆ ಹೆಚ್ಚುವರಿ ಮೊತ್ತಕ್ಕೆ ಆಕ್ಷೇಪಣೆ ಬರುತ್ತದೆ. ಶಿಖರಕ್ಕೆ, ಕಲಶಕ್ಕೆ, ಬಾಗಿಲವಾಡಕ್ಕೆ ದಾನಿಗಳು ಮುಂದೆ ಬರುತ್ತಾರೆ. ಪಾಲಿಸಿಯ ಪ್ರೀಮಿಯಂಗೆ ಯಾರೂ ಬೋಲಿ ಹಿಡಿಯುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಅದನ್ನು ಸಿಮೆಂಟು, ಕಬ್ಬಿಣ, ಕಲ್ಲುಗಳ ಪಕ್ಕದಲ್ಲಿ, ಕಾಮಗಾರಿಯ ಖರ್ಚಿನ ಕಾಲಮ್ಮಿನಲ್ಲಿಯೇ ಬರೆದುಕೊಳ್ಳಬೇಕು.